ಫ್ಯಾಷನ್ ಸ್ಟೈಲಿಸ್ಟ್ ಆಗಬೇಕಾ? ಬೆಂಗಳೂರಿನಲ್ಲಿ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಸ್ಟೈಲಿಸ್ಟ್ ಬಟ್ಟೆ ಹೊಲಿಯುವುದಿಲ್ಲ, ಸಾಮಾನ್ಯವಾಗಿ ಡಿಸೈನ್ ಕೂಡ ಮಾಡುವುದಿಲ್ಲ. ಬೇರೆಯವರು ಮಾಡಿದ ಬಟ್ಟೆ, ಚಪ್ಪಲಿ, ಒಡವೆಗಳನ್ನು ಹುಡುಕಿ ತರುತ್ತಾರೆ. ಒಬ್ಬ ವ್ಯಕ್ತಿಗೆ, ಒಂದು ಕತೆಗೆ, ಒಂದು ಬೆಳಕಿಗೆ ಹೊಂದುವ ಹಾಗೆ ಅದನ್ನು ಜೋಡಿಸುತ್ತಾರೆ. ಶೂಟ್ ಮುಗಿದ ಮೇಲೆ ಎಲ್ಲವನ್ನೂ ತಂದ ಸ್ಥಿತಿಯಲ್ಲೇ ವಾಪಸ್ ಕೊಡುತ್ತಾರೆ. ಈ ಕೊನೆಯ ಭಾಗ ಇನ್‌ಸ್ಟಾಗ್ರಾಮ್‌ನಲ್ಲಿ ಯಾರಿಗೂ ಕಾಣುವುದಿಲ್ಲ. ಆದರೆ ಈ ಕೆಲಸದಲ್ಲಿ ಹೆಸರು ಉಳಿಯುವುದು ಅದರಿಂದಲೇ. ಚೆನ್ನಾಗಿ ಡ್ರೆಸ್ ಮಾಡುವವರು ಊರಲ್ಲಿ ತುಂಬಾ ಜನ ಇದ್ದಾರೆ. ಎರಡು ಲಕ್ಷದ ಲೆಹೆಂಗಾವನ್ನು ಒಂದು ಕಲೆ ಇಲ್ಲದೆ, ಹೇಳಿದ ದಿನ, ಹೇಳಿದ ಹೊತ್ತಿಗೆ ವಾಪಸ್ ತಂದುಕೊಡುವವರನ್ನೇ ಡಿಸೈನರ್‌ಗಳು ಎರಡನೇ ಸಲ ನಂಬುತ್ತಾರೆ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಹಂತ 1: ಯಾವ ಕಡೆ ಹೋಗಬೇಕು ಅಂತ ನೋಡಿಕೊಳ್ಳಿ

ಸ್ಟೈಲಿಂಗ್ ಅಂದ್ರೆ ಸಿನಿಮಾ ತಾರೆಯರ ಜೊತೆ ಓಡಾಡುವುದು ಅಂತಲೇ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಈ ಕ್ಷೇತ್ರದ ಒಂದು ಸಣ್ಣ ಮೂಲೆ ಅಷ್ಟೇ.

ಬೆಂಗಳೂರಿನಲ್ಲಿ ಹೊಸಬರಿಗೆ ಬಾಗಿಲು ಸುಲಭವಾಗಿ ತೆರೆಯುವುದು ಇ-ಕಾಮರ್ಸ್‌ನಲ್ಲಿ. ಮಿಂತ್ರಾ ಇರುವುದು ಇಲ್ಲೇ. ಅಲೆನ್ ಸಾಲಿ, ಲೂಯಿ ಫಿಲಿಪ್, ವ್ಯಾನ್ ಹ್ಯೂಸೆನ್, ಪೀಟರ್ ಇಂಗ್ಲೆಂಡ್‌ನಂಥ ಬ್ರ್ಯಾಂಡ್‌ಗಳನ್ನು ನಡೆಸುವ ಮದುರಾ ಕೂಡ ಇಲ್ಲಿಯದೇ. ಇಂಥ ಕಂಪನಿಗಳಿಗೆ, ಅವರಿಗಾಗಿ ಕೆಲಸ ಮಾಡುವ ಸ್ಟುಡಿಯೋಗಳಿಗೆ, ಕ್ಯಾಟಲಾಗ್ ಫೋಟೋ ಯಾವಾಗಲೂ ಬೇಕು. ದಿನಕ್ಕೆ ಹತ್ತಾರು ಲುಕ್ (ತಲೆಯಿಂದ ಕಾಲಿನವರೆಗೆ ಒಂದು ಪೂರ್ತಿ ಉಡುಪಿನ ಜೋಡಣೆ) ಮುಗಿಸಬೇಕಾಗುತ್ತದೆ. ಕೆಲಸ ಒಂದೇ ಥರ ಅನಿಸಬಹುದು. ಆದರೆ ಕೈ ಓಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇನ್ನೊಂದು ದಾರಿ ಜಾಹೀರಾತು. ಇಲ್ಲಿ ದುಡ್ಡು ಚೆನ್ನಾಗಿದೆ, ನಿರ್ಧಾರ ಮಾತ್ರ ಏಜೆನ್ಸಿ ಮತ್ತು ಕ್ಲೈಂಟ್ ಕೈಯಲ್ಲಿ. ಮ್ಯಾಗಜೀನ್ ಶೂಟ್‌ಗಳಲ್ಲಿ ಕ್ರಿಯೇಟಿವ್ ಸ್ವಾತಂತ್ರ್ಯ ಜಾಸ್ತಿ, ಫೀ ಕಡಿಮೆ. ಸಿನಿಮಾ ಕಾಸ್ಟ್ಯೂಮ್ ಬೇರೆಯೇ ಲೋಕ. ಅಲ್ಲಿ ಸ್ಕ್ರಿಪ್ಟ್ ಬಿಡಿಸಿ, ಯಾವ ದೃಶ್ಯಕ್ಕೆ ಯಾವ ಬಟ್ಟೆ ಅಂತ ಪಟ್ಟಿ ಮಾಡಬೇಕು. ಮಳೆ ಅಥವಾ ಫೈಟ್ ದೃಶ್ಯ ಇದ್ದರೆ ಒಂದೇ ಶರ್ಟಿನ ಮೂರ್ನಾಲ್ಕು ಪ್ರತಿ ಮಾಡಿಸಬೇಕು. ಹೊಸ ಬಟ್ಟೆಗೆ ಚಹಾ ನೀರು ಹಾಕಿ, ಸ್ಯಾಂಡ್‌ಪೇಪರ್ ಉಜ್ಜಿ ಹಳೆಯದು ಮಾಡಬೇಕು. ಭಾರತಕ್ಕೆ ಮೊದಲ ಆಸ್ಕರ್ ಬಂದಿದ್ದು ವಸ್ತ್ರ ವಿನ್ಯಾಸಕ್ಕೆ, 1983ರಲ್ಲಿ, ಕೊಲ್ಹಾಪುರದ ಭಾನು ಅಥೈಯಾ ಅವರಿಗೆ. ಎಷ್ಟು ಗಂಭೀರವಾದ ಕೆಲಸ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಕೊನೆಯದು ಪರ್ಸನಲ್ ಮತ್ತು ಮದುವೆ ಸ್ಟೈಲಿಂಗ್. ಇದನ್ನು ಯಾರೂ ಹಗುರವಾಗಿ ನೋಡಬೇಡಿ. ಧಾರೆಯ ಸೀರೆ, ರಿಸೆಪ್ಷನ್ ಗೌನ್, ಗಂಡಿನ ಪಂಚೆ ಶಲ್ಯ, ಎರಡೂ ಕಡೆಯ ಅಮ್ಮಂದಿರ ಸೀರೆ: ಒಂದು ಮದುವೆ ಸರಿಯಾಗಿ ಮಾಡಿಕೊಟ್ಟರೆ ಅದೇ ಛತ್ರದಿಂದ ಮುಂದಿನ ಕೆಲಸ ಬರುತ್ತದೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಇರುವವರು ಊರು ಬಿಡದೆ ಶುರು ಮಾಡಬಹುದಾದ ದಾರಿಯೂ ಇದೇ.

ಹಂತ 2: ಬಟ್ಟೆಯನ್ನು ಮುಟ್ಟಿ ಕಲಿಯಿರಿ

ನಾನು ಹೊಸಬರಿಗೆ ಮೊದಲು ಹೇಳುವುದು ಫೋನ್ ಪಕ್ಕಕ್ಕಿಟ್ಟು ಚಿಕ್ಕಪೇಟೆಗೆ ಹೋಗಿ ಅಂತ. ಮೆಟ್ರೋ ಅಲ್ಲೇ ಇಳಿಸುತ್ತದೆ. ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ರಶ್ ಇರಲ್ಲ, ಅಂಗಡಿಯವರಿಗೂ ಮಾತಾಡುವಷ್ಟು ಬಿಡುವು ಇರುತ್ತದೆ. ಶಿಫಾನ್, ಜಾರ್ಜೆಟ್, ಕ್ರೇಪ್, ಆರ್ಗಾಂಜಾ ಒಂದೊಂದನ್ನೂ ಬೆರಳ ನಡುವೆ ಹಿಡಿದು ನೋಡಿ. ಕೈ ಬಿಟ್ಟಾಗ ಬಟ್ಟೆ ಹೇಗೆ ಬೀಳುತ್ತದೆ ಅಂತ ಗಮನಿಸಿ. ಶಿಫಾನ್ ಜಾರುತ್ತದೆ, ಆರ್ಗಾಂಜಾ ನಿಲ್ಲುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಯಾವ ಮೈಕಟ್ಟಿಗೆ ಯಾವ ಸೀರೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಎಲ್ಲದರಲ್ಲೂ ಕಾಲು ಮೀಟರ್ ತುಂಡು ಕೊಳ್ಳಿ. ಒಂದು ನೋಟ್‌ಬುಕ್‌ಗೆ ಅಂಟಿಸಿ ಹೆಸರು, ಬೆಲೆ, ಅಂಗಡಿ ಬರೆದಿಡಿ.

ದಾರದ ಪರೀಕ್ಷೆಯನ್ನೂ ಕಲಿತುಕೊಳ್ಳಿ. ಬಟ್ಟೆಯ ಅಂಚಿನಿಂದ ಒಂದು ಎಳೆ ತೆಗೆದು, ಸ್ಟೀಲ್ ತಟ್ಟೆಯ ಮೇಲೆ ಜೋಪಾನವಾಗಿ ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಡುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಮನೆಗೆ ತಂದ ತುಂಡುಗಳ ಮೇಲೆ ಮಾಡುವ ಪರೀಕ್ಷೆ, ಎರವಲು ತಂದ ಬಟ್ಟೆಯ ಮೇಲಲ್ಲ!

ನಮ್ಮಲ್ಲಿ ಹುಟ್ಟಿ ಬೆಳೆದವರಿಗೆ ಒಂದು ದೊಡ್ಡ ಆಸ್ತಿ ಇದೆ. ಅದನ್ನು ಬಳಸಿಕೊಳ್ಳದೆ ಇರುವುದನ್ನು ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೇ ಹತ್ತಿಯ ಒಡಲಿನ ಸೀರೆಗೂ ರೇಷ್ಮೆ ಸೆರಗು ಇರುವುದು. ಮೈ ಮೇಲೆ ಉಟ್ಟಾಗ ಸೆರಗು ಬೇರೆ ಥರ ಬೆಳಕು ಹಿಡಿಯುತ್ತದೆ. ಗುಳೇದಗುಡ್ಡದ ಖಣ ರವಿಕೆ ಬಟ್ಟೆ ಅಗಲದಲ್ಲಿ ಚಿಕ್ಕದು, ಜಾಕೆಟ್ ಹೊಲಿಸುವುದಾದರೆ ಲೆಕ್ಕ ಹಾಕಿ ಕೊಳ್ಳಬೇಕು. ಮೈಸೂರು ಸಿಲ್ಕ್ ಕ್ರೇಪ್ ನೀರಿನ ಹಾಗೆ ಬೀಳುತ್ತದೆ, ನೆರಿಗೆ ತಾನಾಗಿಯೇ ಕೂರುತ್ತದೆ. ಗಟ್ಟಿ ಕಂಚಿ ಸೀರೆಗೆ ಹಿಂದಿನ ದಿನವೇ ನೆರಿಗೆ ಹಿಡಿದು ಇಸ್ತ್ರಿ ಮಾಡಿಡಬೇಕು. ಕಸೂತಿಯ ನಾಲ್ಕು ಹೊಲಿಗೆ ಗವಂತಿ, ಮುರಗಿ, ನೇಗಿ, ಮೆಂತೆ ಅಂತ ಗುರುತು ಹಿಡಿಯಲು ಬಂದರೆ ಮಷಿನ್ ಕಸೂತಿ ಯಾವುದು, ಕೈಯದು ಯಾವುದು ಅಂತ ಕಣ್ಣಿಗೇ ತಿಳಿಯುತ್ತದೆ. ಗವಂತಿ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಬಟ್ಟೆ ತಿರುಗಿಸಿ ನೋಡಿ.

ಉಡಿಸುವುದನ್ನೂ ಕಲಿಯಿರಿ. ಉತ್ತರ ಕರ್ನಾಟಕದ ಕಚ್ಚೆ ಸೀರೆ, ಕೊಡವ ಸೀರೆ, ಪಂಚೆ, ಪೇಟ. ಕೊಡವ ಸೀರೆಯ ನೆರಿಗೆ ಹಿಂದೆ ಬರುತ್ತದೆ, ಸೆರಗು ಬಲ ಭುಜದ ಮೇಲೆ ಕೂರುತ್ತದೆ. ಇದನ್ನು ವಿಡಿಯೋ ನೋಡಿ ಅಂದಾಜಿನಲ್ಲಿ ಮಾಡಿದರೆ ಕೊಡಗಿನವರಿಗೆ ತಕ್ಷಣ ಗೊತ್ತಾಗುತ್ತದೆ. ಉಟ್ಟು ಅಭ್ಯಾಸ ಇರುವ ಹಿರಿಯರೊಬ್ಬರ ಹತ್ತಿರ ಕೂತು ಕಲಿಯಿರಿ.

ಹಂತ 3: ಕೋರ್ಸ್ ಮಾಡಬೇಕಾ?

ಮಾಡಿದರೆ ಒಳ್ಳೆಯದು, ಮಾಡದಿದ್ದರೂ ನಡೆಯುತ್ತದೆ. ಎಚ್‌ಎಸ್‌ಆರ್ ಲೇಔಟ್‌ನ ನಿಫ್ಟ್‌ನಲ್ಲಿ ನಾಲ್ಕು ವರ್ಷದ ಡಿಸೈನ್ ಪದವಿ ಇದೆ. ಅದರಲ್ಲಿ ಫ್ಯಾಷನ್ ಕಮ್ಯುನಿಕೇಷನ್ ವಿಭಾಗ ಸ್ಟೈಲಿಂಗ್‌ಗೆ ಹತ್ತಿರ. ಪರ್ಲ್ ಅಕಾಡೆಮಿಯಂಥ ಖಾಸಗಿ ಸಂಸ್ಥೆಗಳಲ್ಲಿ ಸ್ಟೈಲಿಂಗ್‌ಗೇ ಮೀಸಲಾದ ಕೋರ್ಸ್‌ಗಳಿವೆ. ಕೋರ್ಸಿನಿಂದ ಸಿಗುವ ದೊಡ್ಡ ಲಾಭ ಸಹಪಾಠಿಗಳು. ಇವತ್ತಿನ ಸಹಪಾಠಿ ನಾಳೆ ಡಿಸೈನರ್, ಫೋಟೋಗ್ರಾಫರ್, ಬ್ರ್ಯಾಂಡ್ ಮ್ಯಾನೇಜರ್ ಆಗುತ್ತಾರೆ. ಖಾಸಗಿ ಕೋರ್ಸಿಗೆ ಸಾಲ ಮಾಡುವ ಯೋಚನೆ ಇದ್ದರೆ, ಮೊದಲು ಆರು ತಿಂಗಳು ಅಸಿಸ್ಟೆಂಟ್ ಆಗಿ ಓಡಾಡಿ. ಆಮೇಲೂ ಈ ಕೆಲಸ ಇಷ್ಟ ಆದರೆ ಸೇರಿಕೊಳ್ಳಿ.

ಹಂತ 4: ಅಸಿಸ್ಟೆಂಟ್ ಕೆಲಸ ಹಿಡಿಯಿರಿ

ಈ ವೃತ್ತಿ ನಿಜವಾಗಿ ಕಲಿಯುವುದು ಇಲ್ಲಿ. ನಿಮಗೆ ಇಷ್ಟವಾದ ಬೆಂಗಳೂರಿನ ಶೂಟ್‌ಗಳ ಕೆಳಗೆ ಕ್ರೆಡಿಟ್ ಓದಿ. ಸ್ಟೈಲಿಸ್ಟ್ ಯಾರು, ಅವರ ಅಸಿಸ್ಟೆಂಟ್ ಯಾರು ಅಂತ ಬರೆದುಕೊಳ್ಳಿ. ಹತ್ತು ಹದಿನೈದು ಹೆಸರು ಸಿಗುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಕಳಿಸಿ. "ನನಗೆ ಫ್ಯಾಷನ್ ಅಂದ್ರೆ ಪ್ರಾಣ" ಅಂತ ಬರೆದರೆ ಯಾರೂ ಉತ್ತರ ಕೊಡಲ್ಲ, ಯಾಕಂದ್ರೆ ಎಲ್ಲರೂ ಹಾಗೇ ಬರೆಯುತ್ತಾರೆ. ಅವರಿಗೆ ಉಪಯೋಗಕ್ಕೆ ಬರುವ ವಿಷಯ ಬರೆಯಿರಿ. ಉದಾಹರಣೆಗೆ:

"ನಮಸ್ಕಾರ. ನಿಮ್ಮ ಕಳೆದ ತಿಂಗಳ ಶೂಟ್‌ನಲ್ಲಿ ಖಣದ ಬ್ಲೌಸ್ ಮೇಲೆ ಡೆನಿಮ್ ಜಾಕೆಟ್ ಹಾಕಿದ್ದು ತುಂಬಾ ಇಷ್ಟವಾಯಿತು. ನಾನು ಜಯನಗರದಲ್ಲಿದ್ದೇನೆ, ಸ್ಕೂಟರ್ ಇದೆ. ಸ್ಟೀಮಿಂಗ್, ಪಿಕಪ್, ರಿಟರ್ನ್ ಮಾಡಬಲ್ಲೆ. ಸಣ್ಣಪುಟ್ಟ ಹೊಲಿಗೆ ಬರುತ್ತದೆ. ಕನ್ನಡ, ಹಿಂದಿ, ತಮಿಳು ಮಾತಾಡುತ್ತೇನೆ. ಈ ತಿಂಗಳು ಎಲ್ಲ ಶುಕ್ರವಾರ, ಶನಿವಾರ ಬಿಡುವಿದ್ದೇನೆ. ಸಹಾಯ ಬೇಕಿದ್ದರೆ ತಿಳಿಸಿ."

ಸ್ಕೂಟರ್ ಮತ್ತು ಭಾಷೆಗೆ ಇಲ್ಲಿ ಎಷ್ಟು ಬೆಲೆ ಇದೆ ಅಂತ ಹೊರಗಿನವರಿಗೆ ಅಂದಾಜಾಗುವುದಿಲ್ಲ. ಇಂದಿರಾನಗರದ ಬುಟೀಕ್‌ನಿಂದ ರಾಜಾ ಮಾರ್ಕೆಟ್‌ನ ಸರದ ಅಂಗಡಿಗೆ, ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟ್‌ನ ಟೈಲರ್ ಹತ್ತಿರ, ಸಂಜೆಯೊಳಗೆ ಸ್ಟುಡಿಯೋಗೆ. ಟೈಲರ್ ಜೊತೆ, ಲೈಟ್ ಹುಡುಗರ ಜೊತೆ, ಸೆಕ್ಯುರಿಟಿ ಅಣ್ಣನ ಜೊತೆ ಅವರ ಭಾಷೆಯಲ್ಲಿ ಮಾತಾಡುವವರ ಕೆಲಸ ಬೇಗ ಆಗುತ್ತದೆ.

ಸಂಬಳದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಒಂದೆರಡು ಶೂಟ್ ಕಲಿಯುವುದಕ್ಕೆ ಅಂತ ಹೋಗಬಹುದು. ಆಮೇಲೆ ದಿನದ ಲೆಕ್ಕ ಕೇಳಬೇಕು. ಓಡಾಟದ ಖರ್ಚು, ಊಟ ಮೊದಲ ದಿನದಿಂದಲೇ ಸಿಗಬೇಕು. ತಿಂಗಳುಗಟ್ಟಲೆ ಬಿಟ್ಟಿ ದುಡಿಸಿಕೊಳ್ಳುವ ಜಾಗದಿಂದ ಹೊರಗೆ ಬನ್ನಿ. ಮನೆಯಲ್ಲಿ ಅನುಕೂಲ ಇರುವವರ ಮಕ್ಕಳು ಮಾತ್ರ ಈ ಕೆಲಸಕ್ಕೆ ಬರುವಂತಾಗಿರುವುದು ಈ ಬಿಟ್ಟಿ ದುಡಿಮೆಯಿಂದಲೇ.

ಇನ್ನೊಂದು ಮುಖ್ಯ ಮಾತು. ಗೊತ್ತಿಲ್ಲದವರು ಟೆಸ್ಟ್ ಶೂಟ್ (ಅಭ್ಯಾಸಕ್ಕೆ ಮಾಡುವ ಶೂಟ್) ಅಂತ ಒಂಟಿಯಾಗಿ ಮನೆಗೋ ಹೋಟೆಲ್ ರೂಮಿಗೋ ಕರೆದರೆ ಹೋಗಬೇಡಿ. ಕಾಲ್ ಶೀಟ್ ಕೇಳಿ: ಜಾಗ, ಸಮಯ, ತಂಡದಲ್ಲಿ ಯಾರ್ಯಾರು ಇದ್ದಾರೆ ಅಂತ ಇರುವ ಹಾಳೆ. ಅದನ್ನು ಕೊಡಲು ಹಿಂಜರಿಯುವವರ ಜೊತೆ ಕೆಲಸ ಬೇಡವೇ ಬೇಡ. ಹೋಗುವಾಗ ಲೊಕೇಷನ್ ಮನೆಯವರಿಗೆ ಶೇರ್ ಮಾಡಿ.

ಹಂತ 5: ಕಿಟ್ ಮಾಡಿಕೊಳ್ಳಿ

ಒಂದೇ ಸಲ ಎಲ್ಲ ಕೊಳ್ಳಬೇಕಿಲ್ಲ. ಮೊದಲು ಬೇಕಾಗುವುದು ಹಬೆಯಿಂದ ಸುಕ್ಕು ಬಿಡಿಸುವ, ಕೈಯಲ್ಲಿ ಹಿಡಿಯುವ ಸ್ಟೀಮರ್, ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಜೊತೆಗೆ ಎಲ್ಲ ಸೈಜಿನ ಸೇಫ್ಟಿ ಪಿನ್, ಗುಂಡು ಪಿನ್, ಬುಲ್‌ಡಾಗ್ ಕ್ಲಿಪ್, ಬಟ್ಟೆಗೆ ಅಂಟಿಸುವ ಡಬಲ್ ಸೈಡ್ ಟೇಪ್, ಬಟ್ಟೆ ಮೇಲಿನ ಧೂಳು, ನೂಲು ತೆಗೆಯುವ ಲಿಂಟ್ ರೋಲರ್, ಸೂಜಿ, ಏಳೆಂಟು ಬಣ್ಣದ ದಾರ, ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್, ಅಳತೆ ಟೇಪ್. ಮೈಬಣ್ಣದ ಒಳ ಉಡುಪು ಬೇರೆ ಬೇರೆ ಶೇಡ್‌ನಲ್ಲಿ ಇರಲಿ. ಅಂಗಡಿಯಲ್ಲಿ "ಸ್ಕಿನ್ ಕಲರ್" ಅಂತ ಕೊಡುವ ಬಿಳಿಚು ಬಣ್ಣ ನಮ್ಮವರಲ್ಲಿ ಹೆಚ್ಚಿನವರಿಗೆ ಹೊಂದುವುದೇ ಇಲ್ಲ. ಕಂದು ಬಣ್ಣದ ಶೇಡ್‌ಗಳನ್ನು ಹುಡುಕಿ ಇಟ್ಟುಕೊಳ್ಳಿ. ಚಪ್ಪಲಿ ತಳಕ್ಕೆ ಅಂಟಿಸಲು ಪೇಪರ್ ಟೇಪ್, ದೊಡ್ಡ ಚಪ್ಪಲಿಗೆ ಇನ್‌ಸೋಲ್, ನೆಲಕ್ಕೆ ಹಾಸಲು ಒಂದು ಬಿಳಿ ಬೆಡ್‌ಶೀಟ್. ಬಟ್ಟೆ ಹಾಕುವಾಗ ಮುಖದ ಮೇಕಪ್ ತಾಗದಿರಲು ಒಂದು ತೆಳು ಸ್ಕಾರ್ಫ್. ಕಿತ್ತ ಟ್ಯಾಗ್ ಮತ್ತೆ ಹಾಕಲು ಟ್ಯಾಗ್ ಗನ್.

ಸ್ಟೀಮರ್ ಬಗ್ಗೆ ಎರಡು ಮಾತು. ಕೆಲವು ಸ್ಟೀಮರ್‌ಗಳು ಶುರುವಿನಲ್ಲಿ ನೀರಿನ ಹನಿ ಉಗುಳುತ್ತವೆ. ರೇಷ್ಮೆ ಮೇಲೆ ಆ ಹನಿ ಬಿದ್ದರೆ ಉಂಗುರದ ಕಲೆ ಉಳಿಯುತ್ತದೆ. ಮೊದಲು ಹಳೆಯ ಬಟ್ಟೆಯ ಮೇಲೆ ಬಿಟ್ಟು, ಹಬೆ ಸರಿಯಾದ ಮೇಲೆ ರೇಷ್ಮೆಗೆ ಬನ್ನಿ, ಅದೂ ಒಳಗಿನಿಂದ. ವೆಲ್ವೆಟ್‌ಗೂ ಒಳಗಿನಿಂದಲೇ. ಜರಿ ಇರುವ ಕಡೆ ಇಸ್ತ್ರಿ ನೇರವಾಗಿ ಇಡಬಾರದು, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ.

ಹಂತ 6: ಟೆಸ್ಟ್ ಶೂಟ್ ಮಾಡಿ, ಪೋರ್ಟ್‌ಫೋಲಿಯೊ ಕಟ್ಟಿ

ನಿಮ್ಮ ಹಾಗೇ ಹೊಸದಾಗಿ ಶುರು ಮಾಡಿರುವ ಫೋಟೋಗ್ರಾಫರ್, ಮೇಕಪ್ ಕಲಾವಿದೆ, ಮಾಡೆಲ್ ಹುಡುಕಿ. ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ, ಎಲ್ಲರಿಗೂ ಫೋಟೋ ಸಿಗುತ್ತದೆ. ಎಷ್ಟು ಫೋಟೋ, ಎಷ್ಟು ದಿನದಲ್ಲಿ, ಯಾರು ಎಲ್ಲಿ ಬಳಸಬಹುದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಆದರೂ ಬರೆದು ಒಪ್ಪಿಕೊಳ್ಳಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥ ಕಡೆ ತೋಟಗಾರಿಕೆ ಇಲಾಖೆಯ ಅನುಮತಿ ಇಲ್ಲದೆ ಶೂಟ್ ಮಾಡುವಂತಿಲ್ಲ. ಮನೆಯ ತಾರಸಿ, ಸಂಜೆ ನಾಲ್ಕರ ನಂತರದ ಬೆಳಕು ಸಾಕು.

ಪೋರ್ಟ್‌ಫೋಲಿಯೊಗೆ ಮೂರ್ನಾಲ್ಕು ಕತೆ (ಒಂದು ವಿಷಯದ ಸುತ್ತ ತೆಗೆದ ಫೋಟೋ ಸರಣಿ) ಇದ್ದರೆ ಸಾಕು, ಆದರೆ ಒಂದಕ್ಕೊಂದು ಬೇರೆ ಇರಲಿ. ಒಂದು ಸರಳ ಕ್ಯಾಟಲಾಗ್ ಥರದ್ದು, ಒಂದು ಗಂಡಸರ ಉಡುಪು, ಒಂದು ನಿಮ್ಮದೇ ಕಲ್ಪನೆಯದು. ಗಂಡಸರ ಉಡುಪನ್ನು ಹೆಚ್ಚಿನವರು ಮರೆಯುತ್ತಾರೆ. ಬೆಂಗಳೂರಿನ ಬ್ರ್ಯಾಂಡ್‌ಗಳಲ್ಲಿ ಎಷ್ಟೋ ಗಂಡಸರ ಶರ್ಟ್ ಪ್ಯಾಂಟಿನವೇ ಇರುವಾಗ ಮರೆತರೆ ಹೇಗೆ? ತೆಳ್ಳಗಿನ, ಎತ್ತರದ ಮಾಡೆಲ್‌ಗಳ ಮೇಲೆ ಏನು ಹಾಕಿದರೂ ಕಾಣುತ್ತದೆ. ಸ್ವಲ್ಪ ದಪ್ಪ ಇರುವವರನ್ನು, ವಯಸ್ಸಾದವರನ್ನು ಚೆಂದವಾಗಿ ಡ್ರೆಸ್ ಮಾಡಿ ತೋರಿಸಿ. ಪರ್ಸನಲ್ ಕ್ಲೈಂಟ್‌ಗಳು ನಿಮ್ಮನ್ನು ನಂಬುವುದು ಆ ಫೋಟೋ ನೋಡಿ. ಪ್ರತಿ ಫೋಟೋದಲ್ಲೂ ತಂಡದ ಎಲ್ಲರ ಹೆಸರು ಹಾಕಿ. ಅಸಿಸ್ಟೆಂಟ್ ಆಗಿ ಮಾಡಿದ್ದನ್ನು ಅಸಿಸ್ಟೆಂಟ್ ಅಂತಲೇ ಬರೆಯಿರಿ.

ಹಂತ 7: ಎರವಲು ತರುವುದು, ವಾಪಸ್ ಕೊಡುವುದು

ಡಿಸೈನರ್ ಅಥವಾ ಅವರ ಪ್ರಚಾರ ನೋಡಿಕೊಳ್ಳುವ ಪಿಆರ್ ಏಜೆನ್ಸಿಗೆ ಮೇಲ್ ಬರೆಯುವಾಗ ಶೂಟ್ ಯಾರಿಗೆ, ಯಾವ ದಿನ, ಯಾರು ಧರಿಸುತ್ತಾರೆ, ಎಲ್ಲಿ ಪ್ರಕಟವಾಗುತ್ತದೆ, ಯಾವ ಪೀಸ್ ಬೇಕು, ಪಿಕಪ್ ಯಾವಾಗ, ರಿಟರ್ನ್ ಯಾವಾಗ ಎಲ್ಲವೂ ಇರಲಿ. ಮ್ಯಾಗಜೀನ್ ಅಥವಾ ಬ್ರ್ಯಾಂಡ್ ಕಡೆಯಿಂದ ಒಂದು ಸೋರ್ಸಿಂಗ್ ಲೆಟರ್ (ಈ ಶೂಟ್‌ಗೆ ಬಟ್ಟೆ ಬೇಕು ಅನ್ನುವ ಪತ್ರ) ಜೊತೆಗಿದ್ದರೆ ಕೆಲಸ ಸುಲಭ. ಹೊಸಬರಿಗೆ ದೊಡ್ಡ ಡಿಸೈನರ್‌ಗಳು ಕೊಡಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಈಗಷ್ಟೇ ಲೇಬಲ್ ಶುರು ಮಾಡಿದವರ ಹತ್ತಿರ ಹೋಗಿ. ಅವರಿಗೆ ಒಳ್ಳೆಯ ಫೋಟೋ ಬೇಕಿರುತ್ತದೆ, ನಿಮಗೆ ಬಟ್ಟೆ ಬೇಕು.

ಬಟ್ಟೆ ಕೈಗೆ ಬಂದ ಕ್ಷಣ, ಆ ಅಂಗಡಿಯಲ್ಲೇ, ಅವರ ಮುಂದೆಯೇ ಫೋಟೋ ತೆಗೆಯಿರಿ. ಮುಂದೆ, ಹಿಂದೆ, ಅಂಚು, ಕಂಕುಳು, ಜಿಪ್. ಒಂದು ಮಣಿ ಮೊದಲೇ ಬಿದ್ದಿದ್ದರೆ ಅದನ್ನು ತೋರಿಸಿ ಬರೆಸಿಕೊಳ್ಳಿ. ನಂತರ ರಿಜಿಸ್ಟರ್‌ನಲ್ಲಿ ಸಾಲು ಹಾಕಿ: "ಹಸಿರು ಲೆಹೆಂಗಾ, ಬ್ಲೌಸ್, ದುಪಟ್ಟಾ, ಒಟ್ಟು 3 ಪೀಸ್. ಎಡ ತೋಳಲ್ಲಿ ಒಂದು ಮಣಿ ಇಲ್ಲ. ಬೆಲೆ 1,85,000. ಪಿಕಪ್ ಮಂಗಳವಾರ, ರಿಟರ್ನ್ ಶನಿವಾರ 4 ಗಂಟೆ. ಡ್ರೈಕ್ಲೀನ್ ಬೇಕು. ಬಟ್ಟೆ ಕವರ್ 1, ಹ್ಯಾಂಗರ್ 2." ಹ್ಯಾಂಗರ್ ಲೆಕ್ಕ ಕೂಡ ಯಾಕೆ ಅಂತ ಅನಿಸಬಹುದು. ವಾಪಸ್ ಕೊಡುವಾಗ ಅವರು ಕೇಳುವುದು ಅದನ್ನೂ ಸೇರಿಸಿಯೇ. ಈ ಪಟ್ಟಿ ಫೋನಿನ ಶೀಟ್‌ನಲ್ಲೂ ಇರಲಿ, ಕಾಗದದಲ್ಲೂ ಇರಲಿ.

ಶೂಟ್ ಮುಗಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಪಟ್ಟಿ ಹಿಡಿದು ಒಂದೊಂದೇ ಪೀಸ್ ಎಣಿಸಿ. ಕಿವಿಯೋಲೆ ಜೋಡಿ ಆಗಿದೆಯಾ, ತಿರುಪು ಇದೆಯಾ ನೋಡಿ. ಕಲೆ ಬಿದ್ದಿದ್ದರೆ ಉಜ್ಜಬೇಡಿ. ಅದೇ ರಾತ್ರಿ ಡಿಸೈನರ್‌ಗೆ ಫೋನ್ ಮಾಡಿ ಹೇಳಿ. ಅವರೇ ಹೇಳಿದ ಡ್ರೈಕ್ಲೀನರ್ ಹತ್ತಿರ ಕೊಡಿ. ಹೇಳದೆ ಮುಚ್ಚಿಟ್ಟು ಕೊಟ್ಟು ಬಂದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಡಿಸೈನರ್‌ಗಳೂ ಒಬ್ಬರಿಗೊಬ್ಬರು ಮಾತಾಡುತ್ತಾರೆ ಅಲ್ವಾ?

ಮಾಲ್‌ನಿಂದ ಬಟ್ಟೆ ಕೊಂಡು, ಶೂಟ್ ಮಾಡಿ, ಹೊಸದು ಅಂತ ವಾಪಸ್ ಮಾಡುವ ಅಭ್ಯಾಸ ಹಲವರಲ್ಲಿದೆ. ಅಂಗಡಿ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿ ಒಪ್ಪಿಗೆ ಪಡೆದರೆ ಸರಿ. ಇಲ್ಲದಿದ್ದರೆ ಅದು ಮೋಸ. ಆ ಶರ್ಟನ್ನು ಮುಂದೆ ಯಾರೋ ಪೂರ್ತಿ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಹಂತ 8: ಶೂಟ್ ದಿನ

ಎಲ್ಲರಿಗಿಂತ ಮೊದಲು ಹೋಗಿ. ರ‍್ಯಾಕ್ ಜೋಡಿಸಿ, ಲುಕ್ ಪ್ರಕಾರ ಬಟ್ಟೆ ನೇತುಹಾಕಿ, ಸ್ಟೀಮ್ ಮಾಡಿ. ನೆಲಕ್ಕೆ ಬೆಡ್‌ಶೀಟ್ ಹಾಸಿ, ಮಾಡೆಲ್ ಅದರ ಮೇಲೆ ನಿಂತೇ ಬಟ್ಟೆ ಬದಲಿಸಲಿ. ಬಟ್ಟೆ ಬದಲಿಸಲು ಮರೆ ಇರುವ ಜಾಗ ಇದೆಯಾ ಅಂತ ನೋಡುವುದು ನಿಮ್ಮ ಜವಾಬ್ದಾರಿ. ಪಿನ್ ಹಾಕುವ ಮೊದಲು ಪ್ರತಿ ಸಲವೂ ಕೇಳಿ: "ಇಲ್ಲಿ ಸರಿ ಮಾಡಲಾ?"

ಬ್ಲೇಜರ್ ದೊಡ್ಡದಾಗಿದೆ ಅಂದುಕೊಳ್ಳಿ. ಮಾಡೆಲ್ ಹಿಂದೆ ನಿಂತು, ಬೆನ್ನಿನ ಮಧ್ಯದ ಹೊಲಿಗೆ ಹಿಡಿದು, ಎರಡೂ ಕಡೆ ಸಮನಾಗಿ ಬಟ್ಟೆ ಎಳೆದುಕೊಳ್ಳಿ. ಮೊದಲ ಕ್ಲಿಪ್ ಭುಜದ ಮೂಳೆಗಳ ನಡುವೆ, ಎರಡನೆಯದು ಸೊಂಟದ ಮಟ್ಟದಲ್ಲಿ. ಈಗ ಮುಂದೆ ಬಂದು ಗುಂಡಿಯ ಹತ್ತಿರ ನೋಡಿ. ಅಲ್ಲಿ ಎಕ್ಸ್ ಆಕಾರದ ಸುಕ್ಕು ಬಂದಿದ್ದರೆ ಜಾಸ್ತಿ ಎಳೆದಿದ್ದೀರಿ ಅಂತ ಅರ್ಥ, ಸ್ವಲ್ಪ ಸಡಿಲಿಸಿ. ತೋಳು ಉದ್ದ ಇದ್ದರೆ ಒಳಗೆ ಮಡಚಿ ಟೇಪ್ ಹಾಕಿ. ಆಮೇಲೆ ಕೈ ಎತ್ತಲು, ಕೂರಲು ಹೇಳಿ. ನಿಂತಾಗ ಸರಿ ಇದ್ದದ್ದು ಕೂತಾಗ ಕೆಡುತ್ತದೆ.

ಕನ್ನಡಿ ಬಿಟ್ಟು ಮಾನಿಟರ್ ನೋಡಿ. ತೀರಾ ಸಣ್ಣ ಗೆರೆಯ ಶರ್ಟ್ ವಿಡಿಯೋದಲ್ಲಿ ಅಲೆ ಅಲೆಯಾಗಿ ನಡುಗುತ್ತದೆ. ಅಚ್ಚ ಬಿಳಿ ಜೋರು ಬೆಳಕಿನಲ್ಲಿ ವಿವರ ಕಳೆದುಕೊಳ್ಳುತ್ತದೆ, ಕೆನೆ ಬಣ್ಣ ಉಳಿಯುತ್ತದೆ. ಗ್ರೀನ್ ಸ್ಕ್ರೀನ್ ಇದ್ದರೆ ಹಸಿರು ಬಟ್ಟೆ, ಹಸಿರು ಕಲ್ಲಿನ ಓಲೆ ಯಾವುದೂ ಬೇಡ. ಪ್ರತಿ ಲುಕ್‌ಗೂ ಮುಂದೆ, ಹಿಂದೆ, ಪಕ್ಕ ಒಂದೊಂದು ಫೋಟೋ ನಿಮ್ಮ ಫೋನಿನಲ್ಲಿ ಇರಲಿ. ಮರುಶೂಟ್ ಬಂದರೆ ಯಾವ ಕೈಗೆ ಬಳೆ ಇತ್ತು ಅಂತ ನೆನಪಿನಿಂದ ಹೇಳಲು ಆಗಲ್ಲ.

ಹಂತ 9: ದುಡ್ಡಿನ ಲೆಕ್ಕ

ಹೊಸಬರು ಶೂಟ್ ಇರುವ ಒಂದು ದಿನಕ್ಕೆ ಮಾತ್ರ ಲೆಕ್ಕ ಹಾಕುತ್ತಾರೆ. ಆದರೆ ಒಂದು ದಿನದ ಶೂಟ್‌ಗೆ ಎರಡು ದಿನ ತಯಾರಿ, ಅರ್ಧ ದಿನ ಫಿಟ್ಟಿಂಗ್, ಒಂದು ದಿನ ರಿಟರ್ನ್ ಇರುತ್ತದೆ. ಶೂಟ್ ದಿನವೂ ಸೇರಿ ನಾಲ್ಕೂವರೆ ದಿನ. 18,000 ಕ್ಕೆ ಒಪ್ಪಿಕೊಂಡರೆ ದಿನಕ್ಕೆ 4,000 ಬಿತ್ತು. ಆಟೋ, ಡ್ರೈಕ್ಲೀನ್, ಅಸಿಸ್ಟೆಂಟ್ ಎಲ್ಲ ಅದರಲ್ಲೇ ಅಂದರೆ ಕೈಗೆ ಏನೂ ಉಳಿಯಲ್ಲ. ಕೊಟೇಶನ್‌ನಲ್ಲಿ ಸ್ಟೈಲಿಂಗ್ ಫೀ, ಅಸಿಸ್ಟೆಂಟ್, ಬಟ್ಟೆ ಬಜೆಟ್, ಸಾಗಣೆ, ಡ್ರೈಕ್ಲೀನ್, ಆಲ್ಟರೇಷನ್ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಅರ್ಧ ದುಡ್ಡು ಮುಂಗಡ ಕೇಳಿ. ಬಟ್ಟೆ ಕೊಳ್ಳುವ ದುಡ್ಡು ಮಾತ್ರ ಪೂರ್ತಿ ಮುಂಗಡವಾಗಿಯೇ ಬರಬೇಕು, ನಿಮ್ಮ ಕಾರ್ಡ್ ಉಜ್ಜಬೇಡಿ. ಕೊನೆ ಗಳಿಗೆಯಲ್ಲಿ ಶೂಟ್ ರದ್ದಾದರೆ ಎಷ್ಟು, ಹೇಳಿದ ಸಮಯ ಮೀರಿದರೆ ಗಂಟೆಗೆ ಎಷ್ಟು ಅಂತಲೂ ಬರೆಯಿರಿ.

ಕಂಪನಿಗಳು ಸಾಮಾನ್ಯವಾಗಿ ಶೇ 10 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕೊಡುತ್ತವೆ. ಆದಾಯ ಕಡಿಮೆ ಇದ್ದರೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ, ಹಿಡಿದ ದುಡ್ಡು ವಾಪಸ್ ಬರುತ್ತದೆ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಬಹುದು. ಇದನ್ನು ಖಂಡಿತ ಮಾಡಿಸಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಸಬೇಕು. ಇನ್‌ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ ನಮೂದಿಸಿ. ಅಕೌಂಟ್ಸ್ ವಿಭಾಗದವರು ಆ ಸಂಖ್ಯೆ ನೋಡಿದರೆ ಫೈಲ್ ಬೇಗ ಚಲಿಸುತ್ತದೆ.

ಮುಂಬೈಗೆ ಹೋಗಬೇಕಾ ಅನ್ನುವ ಪ್ರಶ್ನೆ ಎಲ್ಲರಿಗೂ ಬರುತ್ತದೆ. ದೊಡ್ಡ ಮ್ಯಾಗಜೀನ್, ಹಿಂದಿ ಸಿನಿಮಾ ಕೆಲಸವೇ ಬೇಕು ಅಂದರೆ ಒಂದು ದಿನ ಹೋಗಲೇಬೇಕು. ಹೋಗುವ ಮೊದಲು ಇಲ್ಲಿ ಒಂದಷ್ಟು ಡಿಸೈನರ್‌ಗಳ ನಂಬಿಕೆ ಗಳಿಸಿ, ನೀವು ಅಸಿಸ್ಟೆಂಟ್ ಆಗಿ ಕೆಲಸ ಮಾಡಿದ ಇಬ್ಬರು ಸ್ಟೈಲಿಸ್ಟ್‌ಗಳ ಹತ್ತಿರ ಅಲ್ಲಿನ ಪರಿಚಯ ಕೇಳಿ, ಆರು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಳ್ಳಿ. ಮತ್ತು ಮುಂಬೈಯ ಸ್ಟೈಲಿಸ್ಟ್‌ಗಳು ಬೆಂಗಳೂರಿಗೆ ಶೂಟ್‌ಗೆ ಬಂದಾಗ ಅವರಿಗೆ ಇಲ್ಲಿನ ಅಂಗಡಿ, ಟೈಲರ್, ರಸ್ತೆ ಗೊತ್ತಿರುವ ಅಸಿಸ್ಟೆಂಟ್ ಬೇಕಾಗುತ್ತದೆ. ಅಂಥ ಒಂದೆರಡು ಶೂಟ್ ಸಿಕ್ಕರೆ, ಅಲ್ಲಿಗೆ ಹೋದ ಮೊದಲ ವಾರವೇ ಫೋನ್ ಮಾಡಲು ಒಂದು ನಂಬರ್ ಇರುತ್ತದೆ.